ಐದು ಸೆಂಟಿಮೀಟರ್ ಜಾಸ್ತಿ ಹಾರಿ ನಾವು ಮಾಡೋದೇನು?

ಸುಣ್ಣದ ಬೆರಳು, ಮಂಡ್ಯ

ಎಲ್ಲರಿಗೂ ನಮಸ್ಕಾರ. ಪೆದ್ದು ಪ್ರಶ್ನೆ ಅನ್ನಿಸಬಹುದು, ಆದರೂ ಕೇಳುತ್ತೇನೆ.

ನನಗೆ 36 ವರ್ಷ. ಮಂಡ್ಯ ಪಕ್ಕದ ಹಳ್ಳಿ. ಲೆಕ್ಕ ಬರೆಯುವ ಕೆಲಸ, ಬೆಳಿಗ್ಗೆಯಿಂದ ಸಂಜೆವರೆಗೆ ಕುರ್ಚಿ. ಸಂಜೆ ಮಾತ್ರ ಊರಾಚೆ ವಾಲಿಬಾಲ್. ಒಕ್ಕಣೆ ಮುಗಿದ ಮೇಲೆ ಕಣ ಖಾಲಿ ಇರುತ್ತದಲ್ಲ, ಅಲ್ಲಿ ಎರಡು ಅಡಿಕೆ ಕಂಬ ನೆಟ್ಟು ನೆಟ್ ಕಟ್ಟುತ್ತೇವೆ. ಹದಿನೈದು ವರ್ಷದಿಂದ ಹೀಗೇ ನಡೆದಿದೆ. ಊರಲ್ಲಿ ನಾನು ಸ್ಮ್ಯಾಶರ್, ಅಂದರೆ ಹಾರಿ ಚೆಂಡನ್ನು ಕೆಳಕ್ಕೆ ಬಡಿಯುವವನು, ಅಂತಲೇ ಲೆಕ್ಕ.

ಹೋದ ವರ್ಷ ಪಕ್ಕದ ತಾಲ್ಲೂಕಿನ ಒಂದು ಜಾತ್ರೆಯಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಇತ್ತು, ಹೋದೆವು. ಅಲ್ಲಿ ಆಟ ಶುರುವಾಗುವ ಮೊದಲು ರೆಫರಿ ಒಂದು ಕೋಲು ತಂದು ನೆಟ್ಟಿನ ಮಧ್ಯಕ್ಕೆ ಹಿಡಿದು ಅಳೆದರು. 2.43 ಮೀಟರ್. ಬಟ್ಟೆ ಒಣಗಿಸುವ ತಂತಿ ತರಹ ಬಿಗಿಯಾಗಿ ನಿಂತಿತ್ತು. ನಮ್ಮ ಕಣದಲ್ಲಿ ನೆಲ ಬಿರಿಯೋ ಹಾಗೆ ಹೊಡೆಯುತ್ತಿದ್ದ ನನ್ನ ಮೊದಲ ಮೂರು ಸ್ಮ್ಯಾಶೂ ಸೀದಾ ನೆಟ್ಟಿಗೇ ಹೋದವು. ಮೈಕ್ ಹಿಡಿದಿದ್ದವರು ಬಿಡ್ತಾರಾ? "ಅಣ್ಣಾವ್ರು ನೆಟ್ಟಲ್ಲೇ ನಾಟಿ ಹಾಕ್ತಾವ್ರೆ ನೋಡ್ರಪ್ಪಾ" ಅಂದುಬಿಟ್ಟರು. ಇಡೀ ಜಾತ್ರೆ ನಕ್ಕಿತು.

ಊರಿಗೆ ಬಂದು ಟೇಪ್ ಹಿಡಿದು ನಮ್ಮ ನೆಟ್ ಅಳೆದೆ. ಕಂಬದ ಹತ್ತಿರ ಸರಿ ಇದೆ, ಮಧ್ಯದಲ್ಲಿ ಜೋತು ಬಿದ್ದು 2.31. ಅಂದರೆ ಹದಿನೈದು ವರ್ಷ ನನ್ನನ್ನು ಸ್ಮ್ಯಾಶರ್ ಮಾಡಿದ್ದು ಆ 12 ಸೆಂಟಿಮೀಟರ್ ಜೋಲು!

ಅವತ್ತಿಂದ ಹಾರೋದು ಶುರು ಮಾಡಿದೆ. ನಮ್ಮಪ್ಪನ ಎಲೆಅಡಿಕೆ ಚೀಲದಿಂದ ಒಂಚೂರು ಸುಣ್ಣ ತೆಗೆದು ನಡುಬೆರಳಿಗೆ ಹಚ್ಚಿಕೊಂಡು, ಕೊಟ್ಟಿಗೆ ಗೋಡೆ ಪಕ್ಕ ನಿಂತು ಕೈಯೆತ್ತಿ ಒಂದು ಗುರುತು, ಆಮೇಲೆ ನಿಂತಲ್ಲಿಂದಲೇ ಹಾರಿ ಇನ್ನೊಂದು ಗುರುತು. ಮೊದಲ ದಿನ ಎರಡರ ನಡುವೆ 38 ಸೆಂ.ಮೀ. ಇತ್ತು. ನಾಲ್ಕು ತಿಂಗಳಾದ ಮೇಲೆ 43. ಗೋಡೆ ತುಂಬಾ ಬಿಳಿ ಚುಕ್ಕೆ, ದೂರದಿಂದ ನೋಡಿದರೆ ಯಾರೋ ರಂಗೋಲಿ ಹಾಕೋಕೆ ಬಂದು ಮಧ್ಯದಲ್ಲೇ ಎದ್ದು ಹೋದ ಹಾಗಿದೆ.

ಮೊನ್ನೆ ನಮ್ಮನೆಯವಳು ಕೇಳಿದಳು. "ದಿನಾ ಹಾರ್ತೀರಲ್ಲ, ಮೇಲಿಂದ ಏನ್ ಕಿತ್ಕೊಂಡ್ ಬರ್ತೀರ?"

ಉತ್ತರ ಹೊಳೆಯಲಿಲ್ಲ. ನಿಜ ತಾನೇ? ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗೋ ವಯಸ್ಸು ಮುಗಿದಿದೆ. ಮೆಡಲ್ ಬರಲ್ಲ, ದುಡ್ಡು ಬರಲ್ಲ. ಆದರೂ ನನ್ನ ತರಹದವರು ಬೇಕಾದಷ್ಟು ಜನ ಇದ್ದಾರೆ, ವಿಡಿಯೋ ನೋಡ್ಕೊಂಡು, ಡಬ್ಬದ ಮೇಲೆ ಹಾರ್ಕೊಂಡು. ನೀವ್ಯಾಕೆ ಹಾರ್ತೀರ? ನಿಜ ಹೇಳಿ.

ಬಾಡಿಗೆಮನೆ ಬಸವ, ಮೈಸೂರು

ಕೆಳಗಿದ್ದರೆ ಇಎಂಐ ಗುರು. ಮೇಲೆ ಅರ್ಧ ಸೆಕೆಂಡಾದ್ರೂ ಯಾರೂ ಕೇಳಲ್ಲ.

ಪಿಯು ಮೇಷ್ಟ್ರು, ಮೈಸೂರು

ಬಸವ ಅವರು ತಮಾಷೆಗೆ ಹೇಳಿದರೂ ಲೆಕ್ಕ ಹತ್ತಿರಹತ್ತಿರ ಸರಿಯಿದೆ. ನಾನು ಭೌತಶಾಸ್ತ್ರ ಪಾಠ ಮಾಡುವವನು, ಈ ಪ್ರಶ್ನೆ ನೋಡಿ ಕೈ ಕಡಿಯಿತು, ಕ್ಷಮಿಸಿ, ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಎತ್ತರ 170 ಸೆಂ.ಮೀ. ಆಸುಪಾಸು ಅಂದುಕೊಳ್ಳೋಣ. ಕೈಯೆತ್ತಿ ನಿಂತರೆ ಬೆರಳ ತುದಿ ಸುಮಾರು 220ಕ್ಕೆ ಬರುತ್ತದೆ. ನೆಟ್ 243. ಚೆಂಡನ್ನು ಮೇಲಿಂದ ಕೆಳಕ್ಕೆ ಬಡಿಯಬೇಕು ಅಂದರೆ ಬೆರಳು ಕನಿಷ್ಠ 260ರ ತನಕವಾದರೂ ಹೋಗಬೇಕು, ಇಲ್ಲದಿದ್ದರೆ ನಾಟಿ ಗ್ಯಾರಂಟಿ. ಅಂದರೆ 40 ಸೆಂ.ಮೀ. ಹಾರಬೇಕು. ಓಡಿ ಬಂದು ಹಾರಿದರೆ ಇನ್ನೂ ಜಾಸ್ತಿ ಸಿಗುತ್ತದೆ, ಅದು ಬೇರೆ ಮಾತು. ಲೆಕ್ಕ ಸುಲಭವಾಗಲಿ ಅಂತ ನಿಂತಲ್ಲೇ ಹಾರೋದನ್ನೇ ಹಿಡಿಯೋಣ.

38 ಹಾರುತ್ತಿದ್ದಾಗ ನೀವು ಆ 40ರ ಗೆರೆಯನ್ನು ಮುಟ್ಟುತ್ತಲೇ ಇರಲಿಲ್ಲ. ಈಗ 43. ಹಾಗಾದರೆ ಆ ಗೆರೆಯ ಮೇಲೆ ನಿಮ್ಮ ಕೈ ಎಷ್ಟು ಹೊತ್ತು ಇರುತ್ತದೆ? 0.16 ಸೆಕೆಂಡು. ಇನ್ನೂ 5 ಸೆಂ.ಮೀ. ಸೇರಿಸಿ 48 ಮಾಡಿ. ನೆಲ ಬಿಟ್ಟು ಮತ್ತೆ ನೆಲಕ್ಕೆ ಬರುವ ಒಟ್ಟು ಸಮಯ 0.59ರಿಂದ 0.63ಕ್ಕೆ ಹೋಗುತ್ತದೆ, ಅಷ್ಟೇ. ಆದರೆ 40ರ ಮೇಲಿನ ಹೊತ್ತು 0.16ರಿಂದ 0.26 ಸೆಕೆಂಡಿಗೆ ಹೋಗುತ್ತದೆ. ಒಂದೂವರೆ ಪಟ್ಟಿಗಿಂತ ಜಾಸ್ತಿ! ಚೆಂಡು ಸ್ವಲ್ಪ ಮುಂದೆ ಬಂದರೂ ಹಿಂದೆ ಬಂದರೂ ಹೊಡೆಯಲು ಪುರುಸೊತ್ತು ಸಿಗುತ್ತದೆ. ಬ್ಲಾಕ್, ಅಂದರೆ ಎದುರಿನವರು ತಡೆಯಲು ಎತ್ತಿದ ಕೈ, ಎಲ್ಲಿದೆ ಅಂತ ಕಣ್ಣು ಹಾಯಿಸಬಹುದು. 5 ಸೆಂ.ಮೀ. ಅಂದರೆ ಗೋಡೆ ಮೇಲೆ ಮೂರು ಬೆರಳಗಲ, ನೆಟ್ ಮೇಲೆ ಅದು ಬೇರೆಯೇ ಆಟ.

"ಗಾಳಿಯಲ್ಲಿ ನಿಲ್ಲುತ್ತಾನೆ" ಅನ್ನುತ್ತೇವಲ್ಲ, ಅದೂ ಇದರಿಂದಲೇ. ಯಾರೂ ನಿಲ್ಲಲ್ಲ. ಮೇಲೆ ಹೋದಂತೆ ವೇಗ ಕಮ್ಮಿಯಾಗುತ್ತದೆ, ಹಾಗಾಗಿ ಹಾರಾಟದ ಹೊತ್ತಿನಲ್ಲಿ ನೂರಕ್ಕೆ 70 ಪಾಲು ನಾವು ಮೇಲಿನ ಅರ್ಧ ಎತ್ತರದಲ್ಲೇ ಕಳೆಯುತ್ತೇವೆ. ನೋಡುವವರಿಗೆ ನಿಂತ ಹಾಗೆ ಕಾಣುತ್ತದೆ. ಹಾರುವವರಿಗೂ ಹಾಗೇ ಅನ್ನಿಸುತ್ತದೆ, ಅಲ್ವಾ? ನಿಮ್ಮ ಮನೆಯವರಿಗೆ ಇದನ್ನು ಹೇಳಬೇಡಿ, ಬೈಸಿಕೊಳ್ಳುತ್ತೀರಿ.

ಅಂದ ಹಾಗೆ ನಿಮ್ಮ ಗೋಡೆ ಪರೀಕ್ಷೆಗೆ ಹೆಸರಿದೆ, ಸಾರ್ಜೆಂಟ್ ಜಂಪ್. ಡಡ್ಲಿ ಸಾರ್ಜೆಂಟ್ ಅಂತ ಅಮೆರಿಕದವರು 1921ರಲ್ಲಿ, ನಿಂತಲ್ಲೇ ಎಷ್ಟು ಹಾರುತ್ತಾನೆ ಅನ್ನೋದರಿಂದಲೇ ಮನುಷ್ಯನ ಕಸುವು ಅಳೆಯಬಹುದು ಅಂತ ಬರೆದರು. ಗೋಡೆ ಹಾಳಾಗಬಾರದು ಅಂದರೆ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ. ಕಾಲು ನೆಲ ಬಿಟ್ಟಾಗಿನಿಂದ ಮತ್ತೆ ನೆಲ ತಾಗುವವರೆಗಿನ ಸೆಕೆಂಡು ನೋಡಿ, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 122.6ರಿಂದ ಗುಣಿಸಿದರೆ ಸೆಂಟಿಮೀಟರ್ ಬರುತ್ತದೆ. ಕಾಲು ನೆಲ ತಾಗುವ ಮೊದಲೇ ಮಂಡಿ ಮಡಚಬೇಡಿ, ಮಡಚಿದರೆ ಲೆಕ್ಕ ಜಾಸ್ತಿ ತೋರಿಸುತ್ತದೆ; ತಾಗಿದ ಮೇಲೆ ಮಡಚಿ. ನನ್ನ ಹುಡುಗರು ಮಾಡೋದು ಅದೇ ಕಳ್ಳಾಟ.

ಹಳೇ ಲಿಫ್ಟರ್, ಮಂಡ್ಯ

ಮೇಷ್ಟ್ರೇ ಲೆಕ್ಕ ಚೆನ್ನಾಗಿದೆ, ಆದರೆ ಆ 0.16 ಸೆಕೆಂಡಿನಲ್ಲಿ ಚೆಂಡು ಅಲ್ಲಿ ಇರಬೇಕಲ್ಲ. ಅದನ್ನು ಅಲ್ಲಿಗೆ ಹಾಕೋದು ನಾನು.

44 ವರ್ಷ ನನಗೆ, 25 ವರ್ಷದಿಂದ ಲಿಫ್ಟ್ ಹಾಕ್ತಾ ಇದ್ದೀನಿ, ಅಂದರೆ ಹೊಡೆಯೋರಿಗೆ ಚೆಂಡು ಎತ್ತಿ ಕೊಡೋದು. ನೆಲ ಬಿಟ್ಟು ಒಂದು ಗೇಣು ಮೇಲೆ ಹೋದರೆ ಹೆಚ್ಚು. ಹೊಡೆಯೋರನ್ನ ದಿನಾ ನೋಡ್ತೀನಿ. ಹತ್ತು ಜನದಲ್ಲಿ ಎಂಟು ಜನ ಬೇಗ ಹಾರಿಬಿಡ್ತಾರೆ. ಚೆಂಡು ಇನ್ನೂ ಮೇಲೆ ಹೋಗ್ತಾ ಇರುತ್ತೆ, ಇವರು ಆಗಲೇ ಕೆಳಗೆ ಬರ್ತಾ ಇರ್ತಾರೆ. ಆಮೇಲೆ ನನ್ನನ್ನ ನೋಡಿ "ಲಿಫ್ಟ್ ಸರಿ ಹಾಕಿ ಅಣ್ಣ" ಅಂತ ಬೇರೆ. ಇವರಿಗೆ ಇನ್ನೂ 10 ಸೆಂ.ಮೀ. ಕೊಟ್ಟರೆ ಇನ್ನೂ ಮೇಲಿನಿಂದ ತಪ್ಪಾಗಿ ಹೊಡೀತಾರೆ.

ಯಾಕೆ ಹಾರ್ತೀರ ಅಂತ ಕೇಳಿದ್ರಲ್ಲ, ನನ್ನ ಉತ್ತರ ಕಹಿ. ಶಿಳ್ಳೆಗೆ. ಜಾತ್ರೆ ಪಂದ್ಯದಲ್ಲಿ ಚೆನ್ನಾಗಿ ರಿಸೀವ್ ಮಾಡಿದವನಿಗೆ ಯಾವನಾದ್ರೂ ಶಿಳ್ಳೆ ಹೊಡೆದದ್ದು ಕೇಳಿದ್ದೀರಾ? ಮೈಕಲ್ಲಿ ಅವನ ಹೆಸರು ಬರುತ್ತಾ? ಮೇಲೆ ಹೋಗಿ ಬಡಿದವನದೇ ಫೋಟೋ, ಅವನಿಗೇ ನೂರು ರೂಪಾಯಿ ನೋಟು ಸಿಕ್ಕಿಸೋದು. ಎಲ್ಲಾ ಹುಡುಗರಿಗೂ ಅದೇ ಬೇಕು. ತಪ್ಪು ಅನ್ನಲ್ಲ, ನಿಜ ಹೇಳ್ತಾ ಇದ್ದೀನಿ.

ನಮ್ಮ ಹಳೇ ಕೋಚು ಜಿಮ್ಮಿ ಜಾರ್ಜ್ ಕಥೆ ಹೇಳೋರು. ಕೇರಳದ ಕಣ್ಣೂರು ಕಡೆಯ ವಾಲಿಬಾಲ್ ಆಟಗಾರರು, 1976ರಲ್ಲಿ ಅರ್ಜುನ ಪ್ರಶಸ್ತಿ, ಆಮೇಲೆ ಇಟಲಿಗೆ ಹೋಗಿ ದುಡ್ಡಿಗೆ ಆಡಿದವರು, 1987ರಲ್ಲಿ ಅಲ್ಲೇ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಎಲ್ಲರೂ ಅವರ ನೆಗೆತ ನೋಡ್ತಿದ್ರಂತೆ, ನಮ್ಮ ಕೋಚ್ ಮಾತ್ರ "ಅವರು ಹೊರಡೋ ಹೊತ್ತು ನೋಡ್ರೋ" ಅನ್ನೋರು. ನೆಗೆತ ಆಮೇಲೆ.

ಸುಣ್ಣದ ಬೆರಳು, ಮಂಡ್ಯ

ಲಿಫ್ಟರ್ ಅಣ್ಣ, ಶಿಳ್ಳೆ ವಿಷಯ ಒಪ್ಪಿದೆ, ಸುಳ್ಳು ಹೇಳಲ್ಲ. ಆದರೆ ಕೊಟ್ಟಿಗೆ ಹತ್ತಿರ ಶಿಳ್ಳೆ ಹೊಡೆಯೋರು ಯಾರೂ ಇಲ್ಲ, ಎರಡು ಹಸು ಒಂದು ಕರು ಅಷ್ಟೇ, ಆದರೂ ಹೊಸ ಚುಕ್ಕೆ ಹಳೇ ಚುಕ್ಕೆಗಿಂತ ಒಂದು ಬೆರಳು ಮೇಲೆ ಬಿದ್ದರೆ ಆ ದಿನ ಪೂರ್ತಿ ಚೆನ್ನಾಗಿರುತ್ತೆ. ಅದು ಯಾಕೆ?

ಸಂಪಿಗೆ ಗಿಡ, ಮೈಸೂರು

ಇಲ್ಲಿ ಬರೀ ಗಂಡಸರೇ ಮಾತಾಡ್ತಿದ್ದೀರ, ನಾನೂ ಸೇರಿಕೊಳ್ತೀನಿ.

ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದೆ. ಈಗ 31, ಮಗನಿಗೆ ಎರಡು ವರ್ಷ. ಮನೆ ಗೇಟಿನ ಪಕ್ಕ ಒಂದು ಸಂಪಿಗೆ ಮರ ಇದೆ. ಕೆಳಗಿನ ಕೊಂಬೆಯ ಹೂ ಕೈಗೆ ಸಿಗಲ್ಲ, ಹಾರಿದರೆ ಸಿಗುತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ದೋಟಿ ತರೋಕೆ ಒಳಗೆ ಹೋಗಿ ಬರೋಷ್ಟರಲ್ಲಿ ನಾನು ಹಾರಿ ನಾಲ್ಕು ಹೂ ಕಿತ್ತಿಟ್ಟಿರುತ್ತಿದ್ದೆ. ಅವರು ಬಾಯಿ ಮೇಲೆ ಕೈ ಇಟ್ಟುಕೊಂಡು ನಗುತ್ತಿದ್ದರು.

ಹೆರಿಗೆ ಆಗಿ ಆರೇಳು ತಿಂಗಳಾದ ಮೇಲೆ ಒಂದು ದಿನ ಹಾಗೇ ಹಾರೋಕೆ ಹೋದೆ. ಹೂ ದೂರದ ಮಾತು, ಎಲೆ ಕೂಡ ಸಿಗಲಿಲ್ಲ. ಅದಕ್ಕಿಂತ ಬೇಜಾರಿನ ವಿಷಯ, ಹಾರಿ ಇಳಿದಾಗ ಬಟ್ಟೆ ಒದ್ದೆಯಾಯಿತು. ಯಾರೂ ಇದನ್ನ ಬಾಯಿಬಿಟ್ಟು ಹೇಳಲ್ಲ, ಅದಕ್ಕೇ ಬರೀತಿದ್ದೀನಿ. ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಇದು ಆಗುತ್ತೆ. ಕಿಬ್ಬೊಟ್ಟೆಯ ಕೆಳಗೆ ತೊಟ್ಟಿಲ ಹಾಗೆ ಇರೋ ಸ್ನಾಯುಗಳು ಸಡಿಲ ಆಗಿರುತ್ತವೆ. ನಾನು ದೊಡ್ಡವರನ್ನ ಕೇಳಿದರೆ "ಮಕ್ಕಳಾದ ಮೇಲೆ ಇದೆಲ್ಲಾ ಇದ್ದದ್ದೇ, ಹಾರೋದ್ಯಾಕೆ" ಅಂದರು. ಫಿಸಿಯೋ ಒಬ್ಬರು ಮಾತ್ರ ಸರಿಯಾಗಿ ಹೇಳಿಕೊಟ್ಟರು, ಆ ಸ್ನಾಯುಗಳನ್ನ ಬಿಗಿ ಹಿಡಿದು ಬಿಡೋ ವ್ಯಾಯಾಮ, ಆಮೇಲೆ ನಿಧಾನವಾಗಿ ಬಸ್ಕಿ, ಆಮೇಲೆ ಬರೀ ಹಿಮ್ಮಡಿ ಎತ್ತೋದು, ಕೊನೆಗೆ ಹಾರೋದು. ಒಂದು ವರ್ಷ ಹಿಡಿಯಿತು.

ಇನ್ನೊಂದು ವಿಷಯ. ಹೆಂಗಸರಿಗೆ ಮಂಡಿ ಒಳಗಿನ ಎಸಿಎಲ್ ಅನ್ನೋ ಹುರಿ ಹರಿಯೋ ಅಪಾಯ ಗಂಡಸರಿಗಿಂತ ಜಾಸ್ತಿ, ಅದೂ ಎಷ್ಟೋ ಸಲ ಯಾರೂ ಮುಟ್ಟದೇ, ಬರೀ ತಪ್ಪಾಗಿ ಇಳಿದು. ಇಳಿಯುವಾಗ ಮಂಡಿ ಎರಡೂ ಒಳಕ್ಕೆ ವಾಲಬಾರದು. ನಮ್ಮ ಭಾನುವಾರದ ಗುಂಪಿಗೆ ಹೊಸ ಹುಡುಗಿಯರು ಬಂದರೆ ಮೊದಲ ಎರಡು ವಾರ ಹಾರೋಕೇ ಬಿಡಲ್ಲ, ಸದ್ದಾಗದ ಹಾಗೆ ಇಳಿಯೋದು ಕಲಿಸ್ತೀವಿ. ಬೆಕ್ಕು ಕಟ್ಟೆಯಿಂದ ಇಳಿಯುತ್ತಲ್ಲ, ಹಾಗೆ.

ಹೋದ ತಿಂಗಳು ಒಂದು ಹೂ ಸಿಕ್ಕಿತು. ಒಂದೇ ಒಂದು. ಅತ್ತೆ ಅದನ್ನ ದೇವರಿಗೆ ಇಡಲಿಲ್ಲ, ನನ್ನ ತಲೆಗೇ ಮುಡಿಸಿದರು. ಸುಣ್ಣದ ಬೆರಳು ಅವರೇ, ಹಸುಗಳ ಮುಂದೆ ಯಾಕೆ ಖುಷಿಯಾಗುತ್ತೆ ಅಂತ ಕೇಳಿದ್ರಲ್ಲ, ನನಗೆ ಗೊತ್ತಿರೋದು ಇಷ್ಟೇ. ಈ ಮೈ ಇನ್ನೂ ನನ್ನ ಮಾತು ಕೇಳುತ್ತೆ ಅಂತ ಗೊತ್ತಾಗೋಕೆ ನನಗೆ ಬೇರೆ ದಾರಿ ಇರಲಿಲ್ಲ.

ಬೆಟ್ಟದ ಮೆಟ್ಟಿಲು, ಮೈಸೂರು

ಇಷ್ಟೆಲ್ಲಾ ತಲೆ ಯಾಕೆ? ದಿನಾ ಬೆಳಿಗ್ಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿಯಿರಿ. ಆರು ತಿಂಗಳಲ್ಲಿ ತಾನಾಗೇ ಹಾರ್ತೀರ. ನಾನು ಹತ್ತು ವರ್ಷದಿಂದ ಹತ್ತುತ್ತಿದ್ದೀನಿ.

ಜಗಲಿ ಹಾರಿದವನು, ಮಂಡ್ಯ

ಬೆಟ್ಟದ ಮೆಟ್ಟಿಲು ಸಾರ್, ತಪ್ಪು ತಿಳಿಯಬೇಡಿ, ಹತ್ತು ವರ್ಷ ಹತ್ತಿದ್ದೀರಲ್ಲ, ಎಷ್ಟು ಹಾರುತ್ತೀರ ಅಂತ ಒಂದು ಸಲ ಅಳೆದು ನೋಡಿ. ಬೆಟ್ಟ ಹತ್ತಿದರೆ ದಮ್ಮು ಬರುತ್ತೆ. ನೆಗೆತಕ್ಕೆ ಬೇಕಾದ್ದು ಬೇರೆ. ಕಣ್ಣು ಮಿಟುಕಿಸೋಷ್ಟು ಹೊತ್ತಲ್ಲಿ ಇದ್ದ ಬಲವನ್ನೆಲ್ಲಾ ನೆಲಕ್ಕೆ ಒತ್ತಬೇಕು. ನಮ್ಮ ತಾತ ಗರಡಿಯಲ್ಲಿ ಒಂದೇ ಸಮ 500 ಬಸ್ಕಿ ಹೊಡೆಯೋರು, ಆದರೆ ಗದ್ದೆ ಕಾಲುವೆ ದಾಟೋಕೆ ಹಲಗೆ ಹುಡುಕೋರು!

ನಾನು ಬಂದದ್ದು ಬೇರೆ ವಿಷಯ ಹೇಳೋಕೆ. ದಯವಿಟ್ಟು ನನ್ನ ತರಹ ಮಾಡ್ಕೋಬೇಡಿ.

ಎರಡು ವರ್ಷದ ಹಿಂದೆ ದುಡ್ಡು ಕೊಟ್ಟು ಒಂದು ಆನ್‌ಲೈನ್ ಪ್ರೋಗ್ರಾಂ ತಗೊಂಡೆ, ಎಂಟು ವಾರದಲ್ಲಿ ಇಷ್ಟು ಹಾರ್ತೀರ ಅಂತ. ಅದರಲ್ಲಿ ಎತ್ತರದಿಂದ ಕೆಳಕ್ಕೆ ಇಳಿದು, ಕಾಲು ನೆಲಕ್ಕೆ ತಾಗಿದ ತಕ್ಷಣ ಮೇಲಕ್ಕೆ ನೆಗೆಯೋದು ಇತ್ತು. ನಮ್ಮ ಮನೆ ಜಗಲಿ ಎರಡು ಅಡಿ ಇದೆ, ಕೆಳಗೆ ಚಪ್ಪಡಿ ಕಲ್ಲು. ದಿನಾ ನೂರು ಸಲ. ಯಾಕೆ ನೂರು ಅಂದರೆ ಮೂವತ್ತು ಸಾಕು ಅಂತ ಬರೆದಿದ್ದರೂ ನನಗೆ ಬೇಗ ಬೇಕಿತ್ತು. ಮೂರನೇ ವಾರಕ್ಕೆ ಮಂಡಿ ಚಿಪ್ಪಿನ ಕೆಳಗೆ, ಸರಿಯಾಗಿ ಹೆಬ್ಬೆರಳು ಇಡೋಷ್ಟು ಜಾಗದಲ್ಲಿ, ನೋವು ಶುರುವಾಯಿತು. ಮೊದಲು ಮೈ ಬಿಸಿಯಾದ ಮೇಲೆ ಹೋಗುತ್ತಿತ್ತು, ಅದಕ್ಕೇ ಮೋಸ ಹೋದೆ. ಆಮೇಲೆ ಬಸ್ಸಿಂದ ಇಳಿಯುವಾಗಲೂ ನೋವು. ಒಬ್ಬ ಡಾಕ್ಟರು ನೋಡದೇ ಮಾಡದೇ ಮಾತ್ರೆ ಬರೆದು ಮೂರು ವಾರ ಮಲಗಿರಿ ಅಂದರು. ಮಲಗಿ ಎದ್ದು ಹಾರಿದೆ, ಮೊದಲ ದಿನವೇ ವಾಪಸ್ ಬಂತು.

ಇದಕ್ಕೆ ಜಂಪರ್ಸ್ ನೀ ಅಂತಲೇ ಹೆಸರು. ಆಮೇಲೆ ಓದಿ ತಿಳಿದದ್ದು, ಈ ಜಿಗಿತದ ಪದ್ಧತಿ ಬೆಳೆಸಿದವರು ಸೋವಿಯತ್ ರಷ್ಯಾದ ಯೂರಿ ವೆರ್ಖೋಶಾನ್ಸ್ಕಿ, 1960ರ ದಶಕದ ಮಾತು. ಅವರು ಮಾಡಿಸಿದ್ದು ವರ್ಷಗಟ್ಟಲೆ ಭಾರ ಎತ್ತಿ ಕಾಲು ಗಟ್ಟಿ ಮಾಡಿಕೊಂಡಿದ್ದ ಅಥ್ಲೀಟುಗಳ ಕೈಲಿ. ನನ್ನ ಕಾಲು ಆಫೀಸಿನ ಕುರ್ಚಿ ಕಾಲು. ಸ್ನಾಯು ಬೇಗ ಬಲ ಹಿಡಿಯುತ್ತೆ, ಅದನ್ನ ಮೂಳೆಗೆ ಕಟ್ಟಿರೋ ಹುರಿ ನಿಧಾನ. ಸ್ನಾಯು "ಆಗುತ್ತೆ ಬಾ" ಅನ್ನೋ ಹೊತ್ತಿಗೆ ಹುರಿ ಇನ್ನೂ "ತಡಿಯೋ" ಅಂತಿರುತ್ತೆ.

ಕೊನೆಗೆ ಸರಿಮಾಡಿದ್ದು ಭಾರ ಹೊತ್ತು ನಿಧಾನವಾಗಿ, ಇಳಿಯೋಕೆ ಮೂರು ನಾಲ್ಕು ಸೆಕೆಂಡು ತಗೊಂಡು ಮಾಡಿದ ಬಸ್ಕಿ. ವಾರಕ್ಕೆ ಮೂರು ದಿನ, ಐದಾರು ತಿಂಗಳು. ತಮಾಷೆ ಏನು ಅಂದರೆ ಅಷ್ಟು ದಿನ ಒಂದೂ ಜಿಗಿಯದೇ ಇದ್ದವನು ವಾಪಸ್ ಬಂದು ಅಳೆದರೆ 4 ಸೆಂ.ಮೀ. ಜಾಸ್ತಿ ಹಾರಿದ್ದೆ. ಅದರಲ್ಲಿ ಬಸ್ಕಿಯ ಪಾಲೆಷ್ಟೋ, ರಾತ್ರಿ ಎರಡನೇ ಮುದ್ದೆ ಬಿಟ್ಟು ತೂಕ ಇಳಿಸಿದ್ದರ ಪಾಲೆಷ್ಟೋ. ಈಗ ಹಾರೋದು ವಾರಕ್ಕೆ ಎರಡೇ ದಿನ, ಮಣ್ಣಿನ ಮೇಲೆ, ದಿನಕ್ಕೆ 30, 40. ಒಂದೊಂದು ನೆಗೆತಕ್ಕೂ ಪೂರ್ತಿ ಬಲ ಹಾಕಿ, ನಡುವೆ ಬೇಕಾದಷ್ಟು ಸುಧಾರಿಸಿಕೊಂಡು. ಸುಸ್ತಾದ ಮೇಲೆ ಹಾರಿದ್ದು ಲೆಕ್ಕಕ್ಕಿಲ್ಲ.

ಯಾಕೆ ಇಷ್ಟೆಲ್ಲಾ ಆದಮೇಲೂ ಹಾರ್ತೀಯ ಅಂತ ನಮ್ಮಣ್ಣನೂ ಕೇಳ್ದ. ನನ್ನ ಹತ್ರಾನೂ ಉತ್ತರ ಇಲ್ಲ.

ರಿಂಗ್ ಮುಟ್ಟದವನು, ಮೈಸೂರು

ನನ್ನ ಹತ್ತಿರ ಇದೆ. ಬಾಸ್ಕೆಟ್‌ಬಾಲ್ ರಿಂಗ್ ನೆಲದಿಂದ 3.05 ಮೀಟರ್, ನಾನು 5 ಅಡಿ 7 ಅಂಗುಲ. ಸ್ಪಡ್ ವೆಬ್ ಕೂಡ 5 ಅಡಿ 7 ಅಂಗುಲ, 1986ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಡಂಕ್ ಸ್ಪರ್ಧೆ ಗೆದ್ದವರು, ಅಂದರೆ ಹಾರಿ ಚೆಂಡನ್ನು ಮೇಲಿಂದ ರಿಂಗಿನೊಳಗೆ ತುರುಕೋ ಸ್ಪರ್ಧೆ. ಹತ್ತನೇ ಕ್ಲಾಸಲ್ಲಿ ಆ ವಿಡಿಯೋ ನೋಡಿದವನು ಇವತ್ತಿಗೂ ಸುಧಾರಿಸಿಕೊಂಡಿಲ್ಲ. ಡಂಕ್ ಬೇಡ, ಒಂದು ಸಲ ರಿಂಗ್ ಬೆರಳಿಗೆ ತಾಗಲಿ ಅಂತ. ಈಗ 29. ಇನ್ನೂ ನಾಲ್ಕು ಬೆರಳು ಬಾಕಿ ಇದೆ, ವರ್ಷಕ್ಕೆ ಅರ್ಧ ಬೆರಳು ಹತ್ತಿರ ಹೋಗ್ತಿದ್ದೀನಿ. ಮೂವತ್ತು ದಾಟಿದ ಮೇಲೆ ಮೊದಲು ಕುಗ್ಗೋದು ಈ ಚುರುಕು ಬಲವೇ ಅಂತಾರೆ. ಹಾಗಾಗಿ ಯಾವುದು ಮೊದಲು ಬರುತ್ತೋ ನೋಡಬೇಕು, ರಿಂಗೋ ವಯಸ್ಸೋ.

ಬಾಡಿಗೆಮನೆ ಬಸವ, ಮೈಸೂರು

ಸ್ಟೂಲ್ ತಗೊಂಡು ಹೋಗು ಮಗಾ.

ಪಿಯು ಮೇಷ್ಟ್ರು, ಮೈಸೂರು

ಇದು ಈಗಿನವರ ಹುಚ್ಚು ಅಂದುಕೊಳ್ಳಬೇಡಿ. ನಿಂತಲ್ಲೇ ಎತ್ತರ ಹಾರುವ ಸ್ಪರ್ಧೆ 1912ರವರೆಗೆ ಒಲಿಂಪಿಕ್ಸ್‌ನಲ್ಲೇ ಇತ್ತು. ಅಮೆರಿಕದ ರೇ ಯೂರಿ 1900ರಲ್ಲಿ ಪ್ಯಾರಿಸ್ಸಿನಲ್ಲಿ ಓಟವಿಲ್ಲದೆ, ನಿಂತಲ್ಲಿಂದಲೇ 1.65 ಮೀಟರ್ ಎತ್ತರದ ಅಡ್ಡಪಟ್ಟಿ ದಾಟಿದರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಗಾಲಿಕುರ್ಚಿಯಲ್ಲಿದ್ದ ಹುಡುಗ ಆತ. ಕಾಲಿಗೆ ಬಲ ಬರಲಿ ಅಂತ ಹಾರೋಕೆ ಶುರು ಮಾಡಿದ್ದು. ಸಂಪಿಗೆ ಗಿಡ ಅವರು ಬರೆದದ್ದು ಓದಿ ನೆನಪಾಯಿತು.

ಸುಣ್ಣದ ಬೆರಳು, ಮಂಡ್ಯ

ಎಲ್ಲರಿಗೂ ಥ್ಯಾಂಕ್ಸ್. ಜಗಲಿಯವರೇ, ನಾನೂ ಸಿಮೆಂಟ್ ಮೇಲೇ ಹಾರುತ್ತಿದ್ದೆ, ನಿನ್ನೆಯಿಂದ ನಿಲ್ಲಿಸಿದೆ. ಕೊಟ್ಟಿಗೆ ಹಿಂದೆ ಮಣ್ಣು ಹದ ಮಾಡಿಕೊಂಡಿದ್ದೀನಿ. ಲಿಫ್ಟರ್ ಅಣ್ಣ, ನಿಮ್ಮ ಮಾತು ಮನಸಿಗೆ ಚುಚ್ಚಿತು, ನಮ್ಮೂರ ಹುಡುಗನಿಗೆ ಮೊಬೈಲ್ ಕೊಟ್ಟು ಆಟದ ವಿಡಿಯೋ ಮಾಡಿಸಿದೆ. ಹತ್ತಕ್ಕೆ ಏಳು ಸಲ ಬೇಗ ಹಾರಿದ್ದೀನಿ. ಏನ್ ಹೇಳೋದು.

ಮನೆಯವಳಿಗೆ ಮೇಷ್ಟ್ರ ಲೆಕ್ಕ ಹೇಳಿದೆ. 0.16 ಸೆಕೆಂಡು ಅಂದದ್ದಕ್ಕೆ ಮುಖ ನೋಡಿದಳು, ಏನೂ ಅನ್ನಲಿಲ್ಲ. ಸಂಪಿಗೆ ಅಕ್ಕ ಬರೆದದ್ದನ್ನ ಓದಿ ಹೇಳಿದೆ. ಅದನ್ನ ಮಾತ್ರ ಫೋನ್ ಇಸ್ಕೊಂಡು ತಾನೇ ಇನ್ನೊಂದ್ಸಲ ಓದಿದಳು. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಹೇಗೆ ಅಂತ ಕೇಳಿ ಅಂದಳು. ಅಕ್ಕ, ಸ್ವಲ್ಪ ಬಿಡಿಸಿ ಬರೀತೀರಾ?

ಕಣದ ನೆಟ್ಟನ್ನೂ ಬಿಗಿ ಮಾಡಿದೆ, ಕೋಲು ಕಡಿದು 2.43ಕ್ಕೆ ಗುರುತು ಹಾಕಿ. ಮೊದಲ ಸಂಜೆ ಊರಿನ ಅಷ್ಟೂ ಸ್ಮ್ಯಾಶರುಗಳು ನಾಟಿ ಹಾಕಿದರು. ಈಗ ಎಲ್ಲರೂ ನನ್ನನ್ನ ಬೈತಾ ಇದ್ದಾರೆ. ನಮ್ಮಪ್ಪನೂ ಬೈತಾ ಇದ್ದಾರೆ. ಅವರ ಸುಣ್ಣದ ಡಬ್ಬಿ ಹುಡುಗರ ಕೈಲಿ ಕೊಟ್ಟಿಗೆ ಗೋಡೆ ಹತ್ತಿರ ಓಡಾಡ್ತಾ ಇದೆ.